ಕೆಂಪು ದೀಪಕ್ಕೊಂದು ಟಿಕಳಿ

ಕಾರಿನ ಬ್ರೇಕ್ ಕೆಟ್ಟರೆ ಜನ ಮಿಸ್ತ್ರಿಯ ಹತ್ತಿರ ಹೋಗುತ್ತಾರೆ. ನಮ್ಮ ಕಾಕಾ ತಮ್ಮ ಹೆಂಡತಿಯ ಕನ್ನಡಿಯ ಹತ್ತಿರ ಹೋಗುತ್ತಾರೆ. ಅಲ್ಲಿಂದ ಹಣೆಗೆ ಹಚ್ಚುವ ಕೆಂಪು ಟಿಕಳಿಯೊಂದನ್ನು ಕಿತ್ತು ತಂದು ಕಾರಿಗೆ ಅಂಟಿಸುತ್ತಾರೆ. ರಿಪೇರಿ ಮುಗಿಯಿತು! ನಂಬುವುದಿಲ್ಲವೇ? ಹತ್ತು ವರ್ಷ ಆ ಕಾರಿನಲ್ಲಿ ಮಿರಜದಿಂದ ಸಾಂಗ್ಲಿಗೆ ಓಡಾಡಿದ ನನಗೇ ಗೊತ್ತಿರಲಿಲ್ಲ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಮಿರಜದಲ್ಲಿ ತಂಬೂರಿ ಮಾಡುವುದು ಅವರ ಕಸುಬು. ನಲವತ್ತು ವರ್ಷ ತಂತಿ ಮೀಟಿ ಮೀಟಿ ಅವರಿಗೆ ಜಗತ್ತೆಲ್ಲ ಕಿವಿಯಿಂದಲೇ ತಿಳಿಯುತ್ತದೆ. ಬೇಳೆ ಬೆಂದಿದೆಯೋ ಇಲ್ಲವೋ ಎಂಬುದನ್ನೂ ಕುದಿಯುವ ಸದ್ದು ಕೇಳಿ ಹೇಳುತ್ತಾರೆ. ಅವರ ಹೆಂಡತಿ, ನಮ್ಮ ಕಾಕು ಮಾತ್ರ ಬೇಳೆಯನ್ನು ಬೆರಳಲ್ಲಿ ಒತ್ತಿ ನೋಡಿಯೇ ಇಳಿಸುತ್ತಾರೆ.

ಒಮ್ಮೆ ಬ್ರೇಕ್ ಒತ್ತಿದಾಗಲೆಲ್ಲ ಕಾರು ಕಿರ್ರೆನ್ನಲು ಶುರುವಾಯಿತು. ಕಾಕಾ ಏನು ಮಾಡಿದರು ಗೊತ್ತೇ? ಅಂಗಡಿಯಿಂದ ತಂಬೂರಿಯೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟರು.

"ನಾ ಬ್ರೇಕ್ ಒತ್ತತೀನಿ, ನೀ ತಂತಿ ಮೀಟು."

"ಕಾಕಾ, ಜನಾ ನೋಡಾಕತ್ತಾರ್ರಿ."

"ನೋಡಲಿ. ಹಾಂ, ಪಂಚಮ. ಹಿಂದಿನ ಎಡಗಾಲಿ. ಸಣ್ಣ ಕಲ್ಲ ಸಿಕ್ಕೈತಿ."

ಮಿಸ್ತ್ರಿ ಹಿಂದಿನ ಎಡಗಾಲಿ ಬಿಚ್ಚಿದ. ಕಡಲೆಕಾಳಿನಷ್ಟು ಕಲ್ಲು ಹೊರಬಿತ್ತು. ಮಿಸ್ತ್ರಿ ಒಮ್ಮೆ ಕಲ್ಲನ್ನು, ಒಮ್ಮೆ ತಂಬೂರಿಯನ್ನು ನೋಡಿ ಕೈ ಒರೆಸಿಕೊಂಡ.

ಇನ್ನೊಮ್ಮೆ ಹಿಂದಿನ ಬ್ರೇಕ್ ದೀಪಗಳು ಹತ್ತಿದವು, ಆರಲೇ ಇಲ್ಲ. ದಾರಿಯುದ್ದಕ್ಕೂ ಹಿಂದಿನ ರಿಕ್ಷಾಗಳೆಲ್ಲ ಇವರು ಈಗ ನಿಲ್ಲುತ್ತಾರೆ, ಆಗ ನಿಲ್ಲುತ್ತಾರೆ ಎಂದು ದೂರವೇ ಉಳಿದವು. ಕಾಕಾ ಕನ್ನಡಿಯಲ್ಲಿ ನೋಡಿ, "ಸಾಂಗ್ಲಿ ಮಂದಿಗೆ ಎಷ್ಟ ಮರ್ಯಾದಿ ಬಂತ ನೋಡು" ಎಂದರು. ಪೆಡಲಿನ ಹಿಂದಿನ ಸ್ವಿಚ್ ಬದಲಾಯಿಸಿದ ಮರುದಿನವೇ ಆ ಮರ್ಯಾದೆ ಹೋಯಿತು.

ಇಷ್ಟು ನಗುತ್ತಾ ಹೇಳುತ್ತಿರುವ ನಾನು ಒಂದು ಕಾಲದಲ್ಲಿ ಯಾವ ಗಾಡಿಯನ್ನೂ ಹತ್ತುತ್ತಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಹತ್ತಿರದ ಬೇಡಗ ಹಳ್ಳಿಯಿಂದ ಬರುವಾಗ ನಾನಿದ್ದ ಜೀಪು ಬ್ರೇಕ್ ಹಿಡಿಯದೆ ಕಬ್ಬಿನ ಟ್ರ್ಯಾಕ್ಟರಿಗೆ ಬಡಿಯಿತು. ನನ್ನ ಮೊಣಕಾಲು ಕೂಡಿತು, ಧೈರ್ಯ ಕೂಡಲಿಲ್ಲ. ಅಷ್ಟರಲ್ಲಿ ಸಾಂಗ್ಲಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನೌಕರಿ ಸಿಕ್ಕಿತು. ದಿನಾ ಹೋಗಿಬರುವುದು ಹೇಗೆ? "ನನ್ನ ಗಾಡ್ಯಾಗ ಕುಂದ್ರು, ನಾ ಬಿಟ್ಟ ಬರ್ತೀನಿ" ಎಂದರು ಕಾಕಾ.

ಮೊದಲ ದಿನ ಕಣ್ಣು ಮುಚ್ಚಿಕೊಂಡು ಹೋದೆ. ಎರಡನೆಯ ದಿನ ಅರ್ಧ ದಾರಿಯಲ್ಲಿ ಕಣ್ಣು ಬಿಟ್ಟೆ. ಸ್ಟಿಯರಿಂಗ್ ಹಿಂದೆ ಬ್ರೇಕಿನ ಕೆಂಪು ದೀಪ ಉರಿಯುತ್ತಿತ್ತು. ಗಾಡಿ ನಿಲ್ಲಿಸಲು ಹೇಳಿ, ಇಳಿದು, ಚಹಾದ ಅಂಗಡಿಯ ಬಾಕಿನ ಮೇಲೆ ಕುಳಿತುಬಿಟ್ಟೆ. ನೌಕರಿ ಬೇಡ, ಏನೂ ಬೇಡ ಎಂದು ಅತ್ತೆ. ಕಾಕಾ ಎರಡು ಚಹಾ ಹೇಳಿದರು. ಆಮೇಲೆ ಗಾಡಿ ಅಲ್ಲೇ ಬಿಟ್ಟು ನನ್ನ ಜೊತೆ ಮಿರಜದವರೆಗೂ ನಡೆದೇ ಬಂದರು.

ನಾಲ್ಕು ದಿನ ಬಿಟ್ಟು ಕರೆದರು. "ರಿಪೇರಿ ಆಗೇತಿ, ಬಾ." ದೀಪವಿರಲಿಲ್ಲ. ಆ ಜಾಗದಲ್ಲಿ ಕುಂಕುಮದಂಥ ಬೊಟ್ಟು ಕಂಡಿತು. ಇದೇನೆಂದು ಕೇಳಿದೆ. "ಖಂಡೇನವಮಿ ಗಾಡಿ ಪೂಜಿದು" ಎಂದರು. ವಿಜ್ಞಾನದ ಟೀಚರ್ ನಂಬಿದಳು! ಅಂದಿನಿಂದ ದಿನಾ ಓಡಾಡಿದೆ. ವರ್ಷ ಕಳೆಯುವಷ್ಟರಲ್ಲಿ ಕಿಟಕಿ ಇಳಿಸಿ ಗಾಳಿ ತಿನ್ನುತ್ತಾ ಹೋಗುವುದನ್ನೂ ಕಲಿತೆ.

ಮೊನ್ನೆ ಬೇಸಿಗೆಯಲ್ಲಿ ಬಿಸಿಲಿಗೆ ಅಂಟು ಸಡಿಲಾಗಿ ಆ ಬೊಟ್ಟು ಟಪ್ಪೆಂದು ನನ್ನ ಚಪ್ಪಲಿಯ ಮೇಲೆ ಬಿತ್ತು. ಅದರ ಹಿಂದೆ ಅದೇ ಕೆಂಪು ದೀಪ, ಹಳೆಯ ಗುರುತಿನವರಂತೆ ನನ್ನನ್ನೇ ನೋಡುತ್ತಿತ್ತು. ಕಾಕಾ ಗಲಿಬಿಲಿಯಾಗಿ ಮುಂದಿನ ಖಾನೆ ತೆಗೆದರು. ಅದರ ತುಂಬಾ ಟಿಕಳಿ ಪಾಕೀಟು! ಮನೆಯಲ್ಲಿ ಟಿಕಳಿ ಉಳಿಯುವುದಿಲ್ಲ, ಇಲಿ ಒಯ್ಯುತ್ತವೆ ಎಂದು ಕಾಕು ಬೋನು ಇಟ್ಟಿದ್ದು ಆಗ ನೆನಪಾಯಿತು.

"ಕಾಕಾ, ಹತ್ತ ವರ್ಷ ನನ್ನ ಜೀವಾ ಟಿಕಳಿ ಮ್ಯಾಲೆ ಇಟ್ಟಿದ್ರ್ಯಾ? ಮೊದಲ ಮಿಸ್ತ್ರಿ ಕಡೆ ನಡೀರಿ."

ಕಾಕಾ ಗಾಡಿ ತಿರುಗಿಸಿದರು. ಮಿಸ್ತ್ರಿಯ ಮುಂದೆ ನಾನು ಕೂಗಾಡಿದೆ. ಅವನು ನಾಲ್ಕೂ ಗಾಲಿ ಬಿಚ್ಚಿ ತೋರಿಸಿದ. ಬ್ರೇಕೆಲ್ಲ ಹೊಸದು. ಬ್ರೇಕ್ ಎಣ್ಣೆಯ ಡಬ್ಬಿ ಗೆರೆಯವರೆಗೆ ತುಂಬಿತ್ತು.

"ಅಕ್ಕಾರ, ಬ್ರೇಕಿಗೆ ಏನೂ ಆಗಿಲ್ಲರಿ. ಎಣ್ಣಿ ಕಡಿಮಿ ಆದ್ರ ದೀಪಾ ಹತ್ತಬೇಕು. ಡಬ್ಬ್ಯಾಗ ತೇಲೂ ಬೆಂಡು ಹಳೇದಾಗಿ ಸಿಕ್ಕೋತದ, ಎಣ್ಣಿ ಇದ್ದರೂ ಹತ್ತತದ. ಈ ಗಾಡಿದು ಹೊಸಾದು ಸಿಗೂದಿಲ್ಲ. ವಾಯರ್ ಕಿತ್ತ ಒಗೀತೀನಿ ಅಂದ್ನಿ, ಕಾಕಾ ಬ್ಯಾಡ ಅಂದ್ರು. ಒಂದ ದಿನಾ ಅದು ಖರೇನೂ ಹೇಳಬಹುದು ಅಂದ್ರು. ನೀವು ಬರೂದಕ್ಕಿಂತ ಮೊದಲ ದಿನಾ ಟಿಕಳಿ ತಗದು, ದೀಪಾ ನೋಡಿ, ಎಣ್ಣಿ ನೋಡಿ, ಓಣ್ಯಾಗ ಒಂದ ಸುತ್ತ ಬ್ರೇಕ್ ಒತ್ತಿ ಬರ್ತಾರ. ರವಿವಾರಕ್ಕೊಮ್ಮೆ ಇಲ್ಲಿ ಗಾಲಿ ಬಿಚ್ಚಸ್ತಾರ. ಹತ್ತ ವರ್ಷಾತು, ಒಂದ ರವಿವಾರ ತಪ್ಪಿಲ್ಲ."

ಕಾಕಾ ಅಪರಾಧಿಯ ಹಾಗೆ ಕಾರಿನ ಗಾಜು ಒರೆಸುತ್ತಾ ನಿಂತಿದ್ದರು.

"ನನಗ ಯಾಕ ಹೇಳಲಿಲ್ಲರಿ, ಕಾಕಾ?"

"ಹೇಳಿದ್ರ ನೀ ಹತ್ತತಿದ್ದೇನ ಮಗಳ? ದೀಪಾ ನೋಡಿ ನೀ ಅಂಜತಿದ್ದಿ. ಅದಕ್ಕ ಅಂಜೂ ಕೆಲಸಾ ನಾ ಮಾಡೀನಿ. ಒಬ್ಬರು ಅಂಜಿದ್ರ ಸಾಕಲ್ಲ."

ಈ ಹತ್ತು ವರ್ಷದ ನನ್ನ ನೌಕರಿ, ನನ್ನ ಓಡಾಟ, ಕಿಟಕಿಯಲ್ಲಿ ತಿಂದ ಗಾಳಿ, ಎಲ್ಲವೂ ಇವರು ಕೊಟ್ಟದ್ದು. ಥ್ಯಾಂಕ್ಸ್ ಎಂದರೆ ಬೈಯುತ್ತಾರೆಂದು ಗೊತ್ತಿತ್ತು. ಹೋಗಿ ಮುಂದಿನ ಸೀಟಿನಲ್ಲಿ ಕುಳಿತೆ. ಕಾಕಾ ಬಂದು ಕೀಲಿ ತಿರುಗಿಸಿದರು. ಕೆಂಪು ದೀಪ ಹತ್ತಿತು, ಆರಲಿಲ್ಲ. ಕಾಕಾ ನನ್ನ ಮುಖ ನೋಡಿದರು. ನಾನು ನನ್ನ ಹಣೆಯ ಟಿಕಳಿ ತೆಗೆದು ಅದರ ಮೇಲೆ ಅಂಟಿಸಿ, ಬೆರಳಿನಿಂದ ಒತ್ತಿದೆ.

"ನಡೀರಿ ಕಾಕಾ, ಸಾಲಿಗೆ ಹೊತ್ತಾತು."