ಲಲಿತೆಯ ಮದುವೆ ರವಿಕೆ

ಸತ್ತವರಿಗೆ ಬಟ್ಟೆ ಹೊಲಿಯುವುದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಅವರು ಮರುದಿನ ಅಂಗಡಿಗೆ ಬಂದು ಕಂಕುಳಲ್ಲಿ ಬಿಗಿಯಾಯಿತು ಎಂದು ಜಗಳ ತೆಗೆಯುವುದಿಲ್ಲ. ಈ ಒಂದೇ ಧೈರ್ಯದ ಮೇಲೆ ನಾನು ಬೆಳ್ಮಣ್ಣಿನ ಲಲಿತೆಯ ಮದುವೆ ರವಿಕೆಯನ್ನು ಒಪ್ಪಿಕೊಂಡೆ. ಲಲಿತೆ ತೀರಿಹೋಗಿ ಆಗಲೇ ಇಪ್ಪತ್ತಮೂರು ವರ್ಷಗಳಾಗಿದ್ದವು.

ಹೊರಗಿನ ಊರಿನವರು ಗಾಬರಿಯಾಗಬೇಕಿಲ್ಲ. ಮದುವೆಯಾಗದೆ ಸತ್ತ ಮಕ್ಕಳಿಗೆ ಮದುವೆ ಮಾಡಿಸುವುದು ನಮ್ಮ ಕಡೆ ಹಿಂದಿನಿಂದ ಬಂದ ಕ್ರಮ. ಸತ್ತ ಮಕ್ಕಳೂ ಬದುಕಿದ್ದವರ ಜೊತೆಗೇ ದೊಡ್ಡವರಾಗುತ್ತಾರೆ, ಪ್ರಾಯಕ್ಕೆ ಬಂದ ಮೇಲೆ ಮನೆಯವರನ್ನು ಕಾಡುತ್ತಾರೆ ಎಂದು ನಂಬಿಕೆ. ಲಲಿತೆಯ ತಂಗಿಗೆ ಬಂದ ಸಂಬಂಧಗಳೆಲ್ಲ ಬಾಗಿಲವರೆಗೆ ಬಂದು ಹಿಂದೆ ಹೋಗುತ್ತಿದ್ದವು. ಜೋಯಿಸರ ಹತ್ತಿರ ಪ್ರಶ್ನೆ ಕೇಳಿಸಿದಾಗ, ಅಕ್ಕ ಇರುವಾಗ ತಂಗಿಗೆ ಎಂತ ಅವಸರ ಎಂದು ಲಲಿತೆ ಮುನಿಸಿಕೊಂಡಿದ್ದಾಳೆ ಎಂದು ಗೊತ್ತಾಯಿತಂತೆ. ಹಾಗಾಗಿ ಬದುಕಿದ್ದವರ ಮದುವೆ ನಡೆಯದ, ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಅವಳ ಮದುವೆ ನಿಶ್ಚಯವಾಯಿತು. ವರ ಕಾಪುವಿನ ಸುಂದರ. ಅವನೂ ಹನ್ನೊಂದು ವರ್ಷದವನಿದ್ದಾಗ ಜ್ವರ ಬಂದು ತೀರಿಕೊಂಡಿದ್ದ.

ಸುಂದರನ ತಂಗಿ ವಸಂತಿ. ಈ ಕೆಲಸ ನನಗೆ ಬಂದದ್ದು ಅವಳ ಮೂಲಕ. ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ನನಗೆ ವಸಂತಿಯ ಮೇಲೆ ಪ್ರೀತಿ. ಗೆಳತಿಯ ಮೇಲೆ ಇರುವಂಥದ್ದಲ್ಲ, ಗಂಡ ಹೆಂಡತಿಯರ ನಡುವೆ ಇರಬೇಕು ಎಂದು ಹಿರಿಯರು ಹೇಳುವಂಥದ್ದು. ಅವಳಿಗೂ ಹಾಗೆಯೇ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಕಾಪು ಪೇಟೆಯಲ್ಲಿ ನನ್ನಷ್ಟು ಸಿಂಗರಿಸಿಕೊಳ್ಳುವವರು ಇನ್ನೊಬ್ಬರಿರಲಿಲ್ಲ. ಬುಗ್ಗೆ ತೋಳಿನ ರವಿಕೆ, ಹೂವಿನ ನೈಲೆಕ್ಸ್ ಸೀರೆ, ಕಣ್ಣಿನ ತುದಿಯಿಂದ ಆಚೆಗೂ ಎಳೆದ ಕಾಡಿಗೆ, ತಲೆಯಲ್ಲಿ ಶಂಕರಪುರ ಮಲ್ಲಿಗೆ. ಹೊಲಿಗೆ ಅಂಗಡಿಗೆ ಹೋಗುವಾಗ ಮೀನು ಮಾರ್ಕೆಟಿನ ಹೆಂಗಸರು ವ್ಯಾಪಾರ ನಿಲ್ಲಿಸಿ ನೋಡುತ್ತಿದ್ದರು. ಮೂವತ್ತಾದರೂ ಮದುವೆಯಾಗದ ಇವಳು ಯಾರಿಗಾಗಿ ಇಷ್ಟು ಅಲಂಕಾರ ಮಾಡುತ್ತಾಳೆ ಎಂಬುದು ಊರಿನ ತನಿಖೆಯ ವಿಷಯವಾಗಿತ್ತು. ಅನುಮಾನ ಪೋಸ್ಟ್ ಮ್ಯಾನ್ ಮೇಲಿತ್ತು, ಬಸ್ ಏಜೆಂಟನ ಮೇಲಿತ್ತು. ಮಣಿಪಾಲದಲ್ಲಿ ಟೈಪಿಸ್ಟ್ ಕೆಲಸ ಮುಗಿಸಿ ಸಂಜೆ ಬಸ್ಸಿನಿಂದ ಇಳಿದು, ನನ್ನ ಅಂಗಡಿಯ ಬೆಂಚಿನಲ್ಲಿ ಕೂತು ಕಡಲೆ ತಿನ್ನುತ್ತಿದ್ದ, ಗಂಡಸರ ಕೈಗಡಿಯಾರ ಕಟ್ಟಿಕೊಂಡ ವಸಂತಿಯ ಮೇಲೆ ಮಾತ್ರ ಯಾರಿಗೂ ಬರಲಿಲ್ಲ.

ನನ್ನ ಅಮ್ಮ ಆಗ ಹಿರಿಯಡ್ಕದ ಕಡೆಯ ಒಂದು ಸಂಬಂಧವನ್ನು ಗಟ್ಟಿ ಹಿಡಿದಿದ್ದರು. ಹುಡುಗನಿಗೆ ಬೊಂಬಾಯಿಯಲ್ಲಿ ಹೋಟೆಲ್. ಆಟಿ ಮುಗಿದ ಕೂಡಲೇ ಹೆಣ್ಣು ನೋಡಲು ಬರುವವರಿದ್ದರು, ಒಪ್ಪಿದರೆ ಅದೇ ತಿಂಗಳು ಮದುವೆ. ನನಗೆ ರಾತ್ರಿ ನಿದ್ದೆಯಿರಲಿಲ್ಲ. ನಾವಿಬ್ಬರೂ ಒಂದು ಬಾಡಿಗೆ ಮನೆ ಮಾಡೋಣವೇ ಎಂದು ವಸಂತಿಯನ್ನು ಕೇಳಿದೆ. ಅವಳು ಕಡಲೆಯ ಸಿಪ್ಪೆ ಊದಿ, "ನಮಗೆ ಯಾರು ಮನೆ ಕೊಡ್ತಾರೆ ಮಾರಾಯ್ತಿ? ಸತ್ತವರಿಗಾದರೆ ಹುಡುಕಿ ಮದುವೆ ಮಾಡ್ತಾರೆ. ನಾವು ಬದುಕಿದ್ದೇವೆ, ಅದೇ ಕಷ್ಟ" ಎಂದಳು.

ರವಿಕೆಯ ಅಳತೆಯದ್ದೇ ಮೊದಲ ತೊಂದರೆ. ಮೂರನೇ ವರ್ಷದಲ್ಲಿ ತೀರಿಕೊಂಡ ಹುಡುಗಿಗೆ ಈಗ ಇಪ್ಪತ್ತಾರು. ಭುಜ ಎಷ್ಟು, ತೋಳು ಎಷ್ಟು? ಲಲಿತೆಯ ತಾಯಿ ಅಪ್ಪಿಯಕ್ಕ ಕಾರ್ಕಳದಿಂದ ತಂದ ಕೆಂಪು ರೇಷ್ಮೆಯ ತುಂಡನ್ನು ನನ್ನ ಮೇಜಿನ ಮೇಲಿಟ್ಟು, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅವರ ಕಣ್ಣು ತುಂಬಿತು.

"ಇದ್ದಿದ್ದರೆ ನಿನ್ನಷ್ಟೇ ಇರ್ತಿದ್ದಳು" ಎಂದರು.

ನಾನು ನನ್ನ ಅಳತೆಗೇ ಹೊಲಿದೆ. ಹಿಂದೆ ಹುಕ್ಕು, ಬೆನ್ನಿಗೆ ಮಾವಿನಕಾಯಿ ಆಕಾರ, ತೋಳಿಗೆ ಜರಿ. ನನ್ನ ಜನ್ಮದಲ್ಲೇ ಅಷ್ಟು ಚಂದದ ರವಿಕೆ ಹೊಲಿದಿರಲಿಲ್ಲ. ಮದುವೆಯ ದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿ, ಅದನ್ನು ಕಾಗದದಲ್ಲಿ ಸುತ್ತಬೇಕಾದವಳು ಕನ್ನಡಿಯ ಮುಂದೆ ಹಿಡಿದುಕೊಂಡೆ. ಹಿಡಿದವಳು ತೊಟ್ಟುಕೊಂಡೆ. ಒಂದೇ ನಿಮಿಷ ಎಂದು!

ಅದು ನನ್ನ ಮೈಮೇಲೆ ಕೂತ ರೀತಿ ನೋಡಿ ನನಗೇ ದೃಷ್ಟಿ ತೆಗೆಯಬೇಕೆನಿಸಿತು. ಈ ಜನ್ಮದಲ್ಲಿ ಮದುಮಗಳಾಗುವುದು ಇಷ್ಟೇ ಎಂದುಕೊಂಡು ಹಿಂದೆ ತಿರುಗಿ, ಮುಂದೆ ತಿರುಗಿ, ಸಾಕಷ್ಟು ನೋಡಿಕೊಂಡು ಬಿಚ್ಚಲು ಕೈ ಹಾಕಿದೆ. ನಾಲ್ಕು ಹುಕ್ಕು ಬಿಚ್ಚಿತು. ನಡುವಿನದೊಂದು ಬಿಚ್ಚಲಿಲ್ಲ. ಎಳೆದೆ, ತಿರುಚಿದೆ, ಉಸಿರು ಹಿಡಿದು ಬೆನ್ನು ಕುಗ್ಗಿಸಿದೆ. ಹುಕ್ಕಿನ ಮೇಲೆ ಯಾರೋ ಬೆರಳು ಒತ್ತಿ ಹಿಡಿದ ಹಾಗಿತ್ತು. ಕತ್ತರಿಯಿಂದ ನೂಲು ಕಡಿಯೋಣವೆಂದರೆ, ಹತ್ತು ವರ್ಷ ಮೇಜಿನ ಬಲತುದಿ ಬಿಟ್ಟು ಅಲುಗದ ನನ್ನ ಕತ್ತರಿ ಅಲ್ಲಿರಲಿಲ್ಲ. ಎಲ್ಲಿಯೂ ಇರಲಿಲ್ಲ. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು.

ಬೆಳ್ಮಣ್ಣಿನಲ್ಲಿ ಗಂಡಿನ ಕಡೆಯವಳಾಗಿ ವಸಂತಿ ಇರುತ್ತಾಳೆ, ಅವಳಿಂದ ಬಿಚ್ಚಿಸಿಕೊಂಡರಾಯಿತು ಎಂದು ಲೆಕ್ಕ ಹಾಕಿದೆ. ಮೇಲೆ ಸೆರಗನ್ನು ಕುತ್ತಿಗೆವರೆಗೆ ಹೊದ್ದು ಬಸ್ ಹತ್ತಿದೆ. ಸತ್ತ ಮದುಮಗಳ ರವಿಕೆ ತೊಟ್ಟು ಆಟಿಯ ಮಳೆಯಲ್ಲಿ ಹೊರಟ ಏಕೈಕ ದರ್ಜಿ ನಾನೇ ಇರಬೇಕು.

ಬಸ್ಸಿನಲ್ಲಿ ಜನ ನಿಂತಿದ್ದರು. ಆದರೂ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಒಬ್ಬ ಅಜ್ಜಿ ಕೂರಲು ಬಂದವರು ಸೀಟು ನೋಡಿ, "ಜನ ಉಂಟಲ್ಲ" ಎಂದು ಮುಂದೆ ಹೋದರು. ಕಂಡಕ್ಟರ್ ಕೇಳದೆಯೇ ಎರಡು ಟಿಕೆಟ್ ಹರಿದುಕೊಟ್ಟ. ನಾನು ಒಬ್ಬಳೇ ಎಂದಾಗ ಅವನು ಕಿಟಕಿಯ ಕಡೆ ಒಮ್ಮೆ ನೋಡಿ, ಒಂದನ್ನು ಹಿಂದೆ ತೆಗೆದುಕೊಂಡ. ಮತ್ತೆ ಬೆಳ್ಮಣ್ ಬರುವವರೆಗೆ ನನ್ನ ಹತ್ತಿರ ಸುಳಿಯಲಿಲ್ಲ.

ಶಂಕರಪುರದಲ್ಲಿ ಮಲ್ಲಿಗೆ ತೆಗೆದುಕೊಳ್ಳಬೇಕಿತ್ತು. ಅಲ್ಲಿ ಇಬ್ಬರು ಹೆಂಗಸರು ಮೂವತ್ತು ವರ್ಷದಿಂದ ಒಂದೇ ಮನೆಯಲ್ಲಿದ್ದು ಹೂ ಕಟ್ಟುತ್ತಿದ್ದರು. ಊರವರು ಅವರನ್ನು ಅಕ್ಕತಂಗಿ ಎನ್ನುತ್ತಿದ್ದರು. ಅವರು ಯಾವ ಕಡೆಯಿಂದಲೂ ಅಕ್ಕತಂಗಿಯರಲ್ಲ ಎಂದು ನನಗೆ ಗೊತ್ತಿತ್ತು, ನನ್ನ ವಿಷಯ ಅವರಿಗೆ ಗೊತ್ತಿತ್ತು, ಈ ಬಗ್ಗೆ ನಾವು ಯಾವತ್ತೂ ಮಾತಾಡಿದ್ದಿಲ್ಲ. ಇಬ್ಬರಲ್ಲಿ ದೊಡ್ಡವರು ಬಸ್ಸಿನ ಕಿಟಕಿಯಿಂದ ಬಾಳೆನಾರಿನಲ್ಲಿ ಕಟ್ಟಿದ ಎರಡು ಚೆಂಡು ಹೂ ಕೊಟ್ಟರು. ನಾನು ಹೇಳಿದ್ದು ಒಂದೇ ಚೆಂಡು. ಮಳೆಗಾಲದಲ್ಲಿ ಮೊಗ್ಗೇ ಇರುವುದಿಲ್ಲ, ಅದರಲ್ಲಿ ಎರಡು!

"ಒಂದು ಅವಳಿಗೆ, ಒಂದು ನಿನಗೆ. ಇವತ್ತು ಮುಡಿದುಕೋ" ಎಂದರು. ಬಸ್ ಹೊರಟಿತು. ನಾನು ಹೇಳಿದ ಮಾತು ಕೇಳುವವಳಲ್ಲ, ಆದರೆ ಹೂವಿನ ವಿಷಯದಲ್ಲಿ ಎರಡನೇ ಸಲ ಹೇಳಿಸಿಕೊಳ್ಳುವುದಿಲ್ಲ. ಮುಡಿದುಕೊಂಡೆ.

ಬೆಳ್ಮಣ್ಣಿನ ಮನೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಮೋಡದಿಂದಾಗಿ ಒಳಗೆ ದೀಪ ಹಚ್ಚಿದ್ದರು. ಚಾವಡಿಯಲ್ಲಿ ಎರಡು ಮಣೆ, ಎದುರಿಗೆ ವಧೂವರರ ಹೆಸರಿನ ಎರಡು ಬೆಳ್ಳಿಯ ಗೊಂಬೆ. ವಾಲಗವಿಲ್ಲ, ನಗುವಿಲ್ಲ, ಎಲ್ಲರೂ ಪಿಸುಮಾತಿನಲ್ಲಿ ಉಪಚಾರ ಮಾಡುತ್ತಿದ್ದರು. ಗಂಡಿನ ಕಡೆಯವರು ಆಗಲೇ ಬಂದು ಕೂತಿದ್ದರು. ಸುಂದರನ ಅಂಗಿ, ಧೋತಿ, ರುಮಾಲು ಹಿಡಿದುಕೊಂಡು ವಸಂತಿ ಒಂದು ಮಣೆಯ ಹಿಂದೆ ನಿಂತಿದ್ದಳು. ವರನ ಬಟ್ಟೆ ಹಿಡಿಯುವುದು ತಂಗಿಯ ಕೆಲಸ. ಅವಳನ್ನು ಹಿತ್ತಲಿಗೆ ಕರೆಯಲು ನಾನು ಕಣ್ಣಿನಲ್ಲೇ ಎಷ್ಟು ಸನ್ನೆ ಮಾಡಿದರೂ ಅವಳು ಕಾಡಿಗೆ ಕಣ್ಣಿಗೆ ಹೋಗಿರಬೇಕು ಎಂದುಕೊಂಡಳು.

ಕುಟುಂಬದ ಹಿರಿಯರಾದ ಗುರಿಕಾರರು ಹೆಣ್ಣಿನ ಹರಿವಾಣವನ್ನು ನೋಡಿದರು. ಸೀರೆ ಉಂಟು, ಬಳೆ ಉಂಟು, ಕುಂಕುಮ ಉಂಟು.

"ರವಿಕೆ ಎಲ್ಲಿ?"

ನಾನು ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡೆ. ಅಪ್ಪಿಯಕ್ಕ ನನ್ನ ಕೈಚೀಲ ತೆಗೆದು ತಡಕಾಡಿದರು. ಇಪ್ಪತ್ತಮೂರು ವರ್ಷ ಕಾದು, ಕೊನೆಗೆ ಮಗಳನ್ನು ರವಿಕೆಯಿಲ್ಲದೆ ಧಾರೆಗೆ ಕೂರಿಸುವ ಹಾಗಾಯಿತಲ್ಲ ಎಂದು ಅವರ ತುಟಿ ನಡುಗತೊಡಗಿತು. ಆ ಮುಖ ನೋಡಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಸೆರಗು ಸರಿಸಿದೆ.

"ನನ್ನ ಮೈಮೇಲೆ ಉಂಟು. ಚಂದ ಕಾಣ್ತದಾ ಅಂತ ಹಾಕಿ ನೋಡಿದ್ದು. ಹುಕ್ಕು ಬಿಚ್ಚುವುದಿಲ್ಲ" ಎಂದೆ.

ಹೊರಗೆ ಸುರಿಯುತ್ತಿದ್ದ ಮಳೆ ಆ ಕ್ಷಣ ನಿಂತಿತು. ಕಥೆಗಾಗಿ ಹೇಳುತ್ತಿಲ್ಲ, ನಿಜವಾಗಿ ನಿಂತಿತು. ಇಬ್ಬರು ಹೆಂಗಸರು ಬಂದು ಹುಕ್ಕಿಗೆ ಕೈ ಹಾಕಿದರು. ಆಗಲಿಲ್ಲ. ಮೂರನೆಯವರು ಕೈ ಹಾಕಿ, ಕೂಡಲೇ ತೆಗೆದುಕೊಂಡು, ತಣ್ಣಗುಂಟು ಎಂದರು. ನನಗೆ ಹೊಡೆತ ಬೀಳುವುದೊಂದೇ ಬಾಕಿ ಎಂದು ಕಣ್ಣು ಮುಚ್ಚಿದೆ. ಗುರಿಕಾರರು ಎದ್ದು ಬಂದು ಕೈ ಮುಗಿದದ್ದು ನನಗೇ.

"ಬಿಚ್ಚುವುದು ಬೇಡ. ಹುಡುಗಿ ತೊಟ್ಟುಕೊಂಡೇ ಬಂದಿದ್ದಾಳೆ. ಮಣೆಯಲ್ಲಿ ಕೂರಿಸಿ" ಎಂದರು.

ಬೇಡವೆನ್ನಲು ಬಾಯಿ ತೆರೆದೆ. ಅಪ್ಪಿಯಕ್ಕ ಎರಡೂ ಕೈಗಳಲ್ಲಿ ನನ್ನ ಕೆನ್ನೆ ಹಿಡಿದು ಲಲಿತಾ ಎಂದರು. ನಾನು ಹೋಗಿ ಕೂತೆ. ಹೆಣ್ಣು ಮೈಯಲ್ಲಿ ಬಂದ ಮೇಲೆ ಗಂಡಿನ ಕಡೆಯಿಂದ ಬರೀ ಅಂಗಿ ಇಟ್ಟರೆ ಸರಿಯಲ್ಲ, ಅಂಗಿ ಹಿಡಿದವಳೇ ಕೂರಲಿ ಎಂದು ಇನ್ನೊಂದು ತೀರ್ಮಾನವಾಯಿತು. ವಸಂತಿಯ ಹೆಗಲಿಗೆ ಅಣ್ಣನ ಅಂಗಿ ಹೊದೆಸಿ, ತಲೆಗೆ ರುಮಾಲು ಸುತ್ತಿ ನನ್ನ ಪಕ್ಕದಲ್ಲಿ ಕೂರಿಸಿದರು. ಅವಳು ನೆಲ ನೋಡುತ್ತಾ, ತುಟಿ ಅಲುಗಿಸದೆ, "ಎಂತ ಮಾಡಿದೆ ನೀನು?" ಎಂದು ಕೇಳಿದಳು.

"ಗೊತ್ತಿಲ್ಲ" ಎಂದೆ.

ಯಾರೋ ಹಿಂದಿನಿಂದ ನನ್ನ ಬರಿ ಯಾವುದು ಎಂದು ಕೇಳಿದರು. ಬರಿ ಎಂದರೆ ನಮ್ಮಲ್ಲಿ ತಾಯಿಯಿಂದ ಬರುವ ಗೋತ್ರ, ಒಂದೇ ಬರಿಯವರು ಮದುವೆಯಾಗುವಂತಿಲ್ಲ. ವಿಚಾರಿಸಿದರು, ಬೇರೆ ಬೇರೆ ಬರಿ. ಅಡ್ಡಿಯಿಲ್ಲ! ನಾವಿಬ್ಬರೂ ಹೆಂಗಸರು ಎಂಬುದು ಆ ಚಾವಡಿಯಲ್ಲಿ ಯಾರಿಗೂ ಅಡ್ಡಿಯಾಗಿ ಕಾಣಲಿಲ್ಲ. ಅವರ ಲೆಕ್ಕದಲ್ಲಿ ನಾವು ಅಲ್ಲಿರಲೇ ಇಲ್ಲವಲ್ಲ.

ನನ್ನ ಕೈಯನ್ನು ಅವಳ ಕೈಯಲ್ಲಿಟ್ಟು ಎರಡು ಮನೆಯವರೂ ಸೇರಿ ಕೈಧಾರೆ ಎರೆದರು. ನೀರು ತಣ್ಣಗಿತ್ತು. ವಸಂತಿಯ ಕೈ ನನಗೆ ಚೆನ್ನಾಗಿ ಗೊತ್ತು, ಟೈಪಿನಿಂದ ಗಟ್ಟಿಯಾದ ಬೆರಳುಗಳು. ಆದರೆ ಆಗ ನಮ್ಮ ಎರಡು ಅಂಗೈಗಳ ನಡುವೆ ಇನ್ನೊಂದು ಕೈ ನುಸುಳಿ ಬಂದು ನನ್ನ ಕಿರುಬೆರಳನ್ನು ಹಿಡಿದುಕೊಂಡಿತು. ಸತ್ತ ಮಕ್ಕಳು ನಮ್ಮ ಜೊತೆಗೇ ದೊಡ್ಡವರಾಗುತ್ತಾರೆ ಎನ್ನುತ್ತಾರೆ. ಆ ಕೈ ದೊಡ್ಡದಾಗಿರಲಿಲ್ಲ.

ನಾನು ಅತ್ತೆ. ಹೆದರಿಕೆಗೋ, ಸಂತೋಷಕ್ಕೋ, ಆ ಸಣ್ಣ ಕೈಗೋ ಈಗಲೂ ಗೊತ್ತಿಲ್ಲ. ಮದುಮಗಳು ಅಳಬೇಕಾದದ್ದೇ ಎಂದು ಹೆಂಗಸರು ಸಮಾಧಾನಪಟ್ಟರು. ಕಾಡಿಗೆ ಗಲ್ಲದವರೆಗೆ ಇಳಿಯಿತು. ಅಷ್ಟರಲ್ಲಿ ಬೆನ್ನಿನಲ್ಲಿ ಟಪ್ ಎಂದಿತು. ಹುಕ್ಕು ತಾನಾಗಿ ಬಿಚ್ಚಿತ್ತು. ಮದುವೆಯ ಅತಿ ಗಂಭೀರ ಘಳಿಗೆಯಲ್ಲಿ ನಾನು ಒಂದು ಕೈಯಲ್ಲಿ ವರನನ್ನು, ಇನ್ನೊಂದು ಕೈಯಲ್ಲಿ ರವಿಕೆಯನ್ನು ಹಿಡಿದುಕೊಂಡು ಕೂತಿದ್ದೆ!

ಸುದ್ದಿ ನನ್ನ ಬಸ್ಸಿಗಿಂತ ಮೊದಲು ಕಾಪು ಮುಟ್ಟಿತ್ತು. ಪ್ರೇತದ ಹೆಂಡತಿಯನ್ನು ಯಾರು ಮದುವೆಯಾಗುತ್ತಾರೆ? ಹಿರಿಯಡ್ಕದವರು ಹೆಣ್ಣು ನೋಡಲು ಬರಲಿಲ್ಲ, ನಮ್ಮ ಬೀದಿಯಲ್ಲಿ ಹೋಗುವುದನ್ನೂ ಬಿಟ್ಟರು. ಅಮ್ಮ ಮೂರು ದಿನ ಅತ್ತು, ನಾಲ್ಕನೇ ದಿನ ಈ ಮದುವೆಯನ್ನು ಬಿಡಿಸಲು ಆಗುತ್ತದೋ ಎಂದು ಗುರಿಕಾರರ ಹತ್ತಿರ ಹೋದರು. ಗಂಡಿನ ಒಪ್ಪಿಗೆ ಬೇಕು ಎಂದು ಅವರು ಹೇಳಿದರಂತೆ. ಅಮ್ಮ ಹಿಂದೆ ಬಂದರು. ಅಂಗಡಿಯ ಬಾಗಿಲು ತೆರೆದಾಗ ಕತ್ತರಿ ಮೇಜಿನ ಬಲತುದಿಯಲ್ಲೇ ಇತ್ತು. ಲಲಿತೆಯ ತಂಗಿಗೆ ಮುಂದಿನ ತಿಂಗಳೇ ಸಂಬಂಧ ಕೂಡಿ ಬಂತು.

ಕೊನೆಗೆ ವಸಂತಿಯ ತಾಯಿಯೇ ನಮ್ಮ ಮನೆಗೆ ಬಂದು, ಸೊಸೆ ಗಂಡನ ಮನೆಯಲ್ಲಿ ಇರುವುದು ಕ್ರಮ ಎಂದರು. ಅವರ ಮನೆಯಲ್ಲಿ ಸೋರದ ಕೋಣೆ ಇದ್ದದ್ದು ವಸಂತಿಯದೊಂದೇ. ಅಲ್ಲಿಗೆ ನನ್ನ ಹೊಲಿಗೆ ಯಂತ್ರ, ಕನ್ನಡಿ, ಹದಿನೆಂಟು ಸೀರೆ ಎಲ್ಲ ಬಂದವು. ಬಾಡಿಗೆ ಮನೆ ಯಾರು ಕೊಡುತ್ತಾರೆ ಎಂದವಳ ಮನೆಗೇ ಮೆರವಣಿಗೆಯಲ್ಲಿ ಹೋದೆ. ಶಂಕರಪುರದ ಇಬ್ಬರೂ ಒಂದು ದಿನ ಹೂ ಹಿಡಿದುಕೊಂಡು ಬಂದು, ಕೋಣೆ ನೋಡಿ, ಚಹಾ ಕುಡಿದು ಹೋದರು. ಹೋಗುವಾಗ ದೊಡ್ಡವರು ನನ್ನ ತಲೆ ಸವರಿದರು.

ಊರಿನ ಬಾಯಲ್ಲಿ ನಾನು ಇವತ್ತಿಗೂ ಸುಂದರನ ಹೆಂಡತಿ, ವಸಂತಿಯ ಅತ್ತಿಗೆ. ಪ್ರತಿ ಆಟಿಯಲ್ಲಿ ಸತ್ತ ದಂಪತಿಗೆ ಎರಡು ಎಲೆ ಹಾಕಿ, ಪಕ್ಕದಲ್ಲಿ ಸೀರೆ, ಧೋತಿ ಇಟ್ಟು, ಕೋಳಿ ಸಾರು, ಪಾಯಸ ಬಡಿಸಿ, ಬಾಗಿಲು ಹಾಕಿ, ಅವರು ಉಂಡೇಳುವವರೆಗೆ ನಾವು ಹೊರಗೆ ಕಾಯಬೇಕು. ನಮ್ಮ ಮದುವೆಯ ದಿನ ಊಟ ಅವರಿಗೆ, ಉಪವಾಸ ನಮಗೆ. ಮೊದಲ ವರ್ಷ ನನಗೆ ಇದು ಹೊಟ್ಟೆಯಲ್ಲೂ ಮನಸ್ಸಿನಲ್ಲೂ ಉರಿಯಿತು. ಈ ಮದುವೆ ನಮ್ಮದು ಎಂದು ಒಬ್ಬರಾದರೂ ಒಮ್ಮೆ ಹೇಳಲಿ ಎಂದು ಆಸೆಯಾಯಿತು. ಬಾಗಿಲು ತೆರೆದಾಗ ಲಲಿತೆಯ ಎಲೆಯಲ್ಲಿ ಸಾರು ಹಾಗೆಯೇ ಇತ್ತು. ಪಾಯಸದಲ್ಲಿ ಮಾತ್ರ ಸಣ್ಣ ಬೆರಳೊಂದು ಎಳೆದ ಗೆರೆ ಇತ್ತು. ನನ್ನ ಉರಿ ಅಲ್ಲಿಗೆ ಇಳಿಯಿತು.

ಮರುವರ್ಷ ನಾನು ಎಲೆಯ ಪಕ್ಕದಲ್ಲಿ ಸೀರೆ ಇಡಲಿಲ್ಲ. ಮೂರು ವರ್ಷದ ಮಗುವಿಗೆ ಆಗುವಂಥ ಒಂದು ಕೆಂಪು ಫ್ರಾಕು ಹೊಲಿದೆ, ಬುಗ್ಗೆ ತೋಳು, ಅಂಚಿಗೆ ಜರಿ. ವಸಂತಿ ಅದನ್ನು ಎತ್ತಿ ನೋಡಿ, ಕಣ್ಣು ಒರೆಸಿಕೊಂಡು, ಹಿಂಬದಿಯ ಹುಕ್ಕನ್ನು ಎರಡೆರಡು ಸಲ ಹಾಕಿ ಬಿಚ್ಚಿ ಪರೀಕ್ಷಿಸಿದಳು.

"ಸದ್ಯ, ಇದು ನಿನಗೆ ಹಿಡಿಯುವುದಿಲ್ಲ" ಎಂದಳು.

ಬಲಗೈ ಮೊಣಕೈವರೆಗೆ ಹಿಡಿಯುತ್ತದೆ ಎಂದು ನಾನು ಅವಳಿಗೆ ಹೇಳಲಿಲ್ಲ.