ಬಾಯಿ ಬಿಡದ ಹನ್ನೆರಡು ಜೇಬುಗಳು

ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಬಟ್ಟೆ ಹೊಲಿಯುವ ಮಾಸ್ಟರ್ ತಾವು ಬೆಟ್ಟದ ದಾರಿಯಲ್ಲಿ ಎಪ್ಪತ್ತು ಕಿಲೋಮೀಟರ್ ಓಡುವುದಾಗಿ ಘೋಷಿಸಿಬಿಟ್ಟರು. ಘೋಷಣೆ ನಡೆದದ್ದು ಅಂಗಡಿಯಲ್ಲೇ, ಬಟ್ಟೆ ಕತ್ತರಿಸುವ ಮೇಜಿನ ಮುಂದೆ, ಕೊರಳಲ್ಲಿ ಹಾರದ ಹಾಗೆ ಅಳತೆಯ ಟೇಪು ಇಳಿಬಿಟ್ಟುಕೊಂಡು. ಕೇಳಿದ ಮಹಾಜನತೆ ಇಬ್ಬರೇ. ಒಬ್ಬರು ಗಂಡನ ಪ್ಯಾಂಟಿನ ಸೊಂಟ ಬಿಡಿಸಲು ಬಂದಿದ್ದ ಬ್ಯಾಂಕಿನ ಕ್ಯಾಷಿಯರಮ್ಮ. ಇನ್ನೊಬ್ಬರು ಮೂಲೆಯಲ್ಲಿ ಕೂತು ಅಂಗಿಗೆ ಕಾಜಾ ಮಾಡುತ್ತಿದ್ದ ಮಾಸ್ಟರ್ ಹೆಂಡತಿ.

"ಎಪ್ಪತ್ತು ಅಂದ್ರೆ ಹೋಗಿ ಬರೋದು ಎರಡೂ ಸೇರಿಸಿಯಾ?" ಎಂದು ಕ್ಯಾಷಿಯರಮ್ಮ ಕೇಳಿದರು.

"ಎಪ್ಪತ್ತು ಅಂದ್ರೆ ಎಪ್ಪತ್ತು. ಮಧ್ಯೆ ಏಳು ಬೆಟ್ಟ."

ಹೆಂಡತಿ ಸೂಜಿಯಿಂದ ಕಣ್ಣು ಎತ್ತಲಿಲ್ಲ. "ಹೋದ ತಿಂಗಳು ಬಸ್ಸಿನ ಹಿಂದೆ ಓಡಿದ್ದಕ್ಕೆ ಎರಡು ದಿನ ಮಂಡಿಗೆ ಎಣ್ಣೆ ತಿಕ್ಕಿಸ್ಕೊಂಡ್ರಿ."

"ಅದು ತಯಾರಿ ಇಲ್ಲದ ಓಟ. ಇದು ಲೆಕ್ಕಾಚಾರದ ಓಟ."

ಇಷ್ಟಕ್ಕೆಲ್ಲ ಮೂಲ ಅವರ ಸೊಂಟ. ಊರಿನವರ ಸೊಂಟವನ್ನೆಲ್ಲ ಅಳೆದ ಮಾಸ್ಟರ್ ಒಂದು ಭಾನುವಾರ ತಮ್ಮದನ್ನೂ ಅಳೆದುಕೊಂಡರು. ನಲವತ್ತೊಂದು ಇಂಚು. ಟೇಪು ಹಳೆಯದಾಗಿ ಕುಗ್ಗಿದೆ ಎಂದುಕೊಂಡು ಹೊಸ ಟೇಪು ತಂದರು. ಹೊಸದು ನಲವತ್ತೊಂದೂವರೆ ಎಂದಿತು. ಆ ಅರ್ಧ ಇಂಚಿನ ಅವಮಾನವನ್ನು ತೊಳೆಯಲು ಎಪ್ಪತ್ತು ಕಿಲೋಮೀಟರಿಗಿಂತ ಕಡಿಮೆ ಯಾವುದೂ ಸಾಲದು ಎಂದು ಅವರಿಗೆ ಅನ್ನಿಸಿತು.

ಹಾಗೆಂದು ಮಾಸ್ಟರ್ ಕಾಲಿಗೆ ಕೆಲಸವನ್ನೇ ಕೊಡದವರೇನಲ್ಲ. ಹತ್ತೊಂಬತ್ತು ವರ್ಷದಿಂದ ದಿನಾ ಸಂಜೆ, ಅಂಗಡಿಯ ಬಾಗಿಲು ಎಳೆದು, ಗಂಡ ಹೆಂಡತಿ ಇಬ್ಬರೂ ಪಾರ್ಕಿನ ಹೊರಗೋಡೆಯ ಸುತ್ತ ಮೂರು ಸುತ್ತು ನಡೆಯುತ್ತಿದ್ದರು. ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು, ಎರಡನೆಯ ಮಷೀನು ಕೊಳ್ಳಬೇಕೋ ಬೇಡವೋ, ಅತ್ತೆಯ ಕಣ್ಣಿನ ಆಪರೇಷನ್ ಯಾವಾಗ, ಎಲ್ಲ ತೀರ್ಮಾನವಾದದ್ದು ಆ ಗೋಡೆಯ ಪಕ್ಕದಲ್ಲೇ. ಹೆಂಡತಿ ಬಲಗಡೆ, ಮಾಸ್ಟರ್ ಎಡಗಡೆ. ಹೆಂಡತಿಯದು ನಿಧಾನದ ನಡಿಗೆ. ಎದುರು ಮನೆಗಳ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗಳ ಮುಂದೆಲ್ಲ ಅವರು ನಿಲ್ಲಬೇಕು, ತಲೆ ಎತ್ತಿ ಪರೀಕ್ಷೆ ಮಾಡಬೇಕು. "ಆ ನೀಲಿ ಅಂಗಿಯ ಕಾಲರ್ ನೋಡ್ರಿ, ಯಾರೋ ಜಗಳ ಆಡ್ತಾ ಹೊಲಿದಿದ್ದಾರೆ" ಎನ್ನುತ್ತಿದ್ದರು. ಮಾಸ್ಟರ್ ಗಹಗಹಿಸಿ ನಗುತ್ತಿದ್ದರು.

ಓಟದ ಅಭ್ಯಾಸದ ಮೊದಲ ದಿನ ಹೆಂಡತಿಯೂ ಹೊಸ ಬೂಟು ಹಾಕಿಕೊಂಡು ಬಂದರು. ಬೂದು ಬಣ್ಣದ ಬೂಟು, ಪಕ್ಕದಲ್ಲಿ ನೇರಳೆ ಪಟ್ಟಿ. ಎರಡನೆಯ ಸುತ್ತಿನಲ್ಲಿ ಅವರು ಯಾವುದೋ ಲಂಗದ ಅಂಚು ನೋಡಲು ನಿಂತರು. ಮಾಸ್ಟರ್ ಗಡಿಯಾರ ನೋಡಿಕೊಂಡು, ಏದುಸಿರು ಬಿಡುತ್ತ, ಆ ಮಾತು ಆಡಿದರು.

"ನೋಡು, ನೀನು ಜೊತೆಗಿದ್ರೆ ನನ್ನ ವೇಗ ಕೆಡುತ್ತೆ. ನಾಳೆಯಿಂದ ನಾನೊಬ್ಬನೇ ಬರ್ತೀನಿ."

"ಸರಿ" ಎಂದರು ಹೆಂಡತಿ.

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಆಕೆ ಒಂದೇ ಮಾತಿನಲ್ಲಿ ಸರಿ ಎಂದದ್ದು ಅದೇ ಮೊದಲು. ಅಲ್ಲೇ ಮಾಸ್ಟರ್‌ಗೆ ಗಾಬರಿಯಾಗಬೇಕಿತ್ತು. ಆಗಲಿಲ್ಲ. ಮರುದಿನದಿಂದ ಸಂಜೆ ಹೆಂಡತಿ ಏನು ಮಾಡುತ್ತಾರೆ ಎಂದು ಆರು ತಿಂಗಳಲ್ಲಿ ಒಮ್ಮೆಯೂ ಅವರು ಕೇಳಲಿಲ್ಲ.

ಓಟದ ನಿಯಮದ ಪ್ರಕಾರ ನಲವತ್ತನೆಯ ಕಿಲೋಮೀಟರಿನಲ್ಲಿ ಊಟ, ವಿಶ್ರಾಂತಿಗೆಂದು ಮಾಡಿದ ಠಾಣೆಯವರೆಗೆ ದಾರಿಯಲ್ಲಿ ಸಿಗುವುದು ನೀರು ಮಾತ್ರ. ತಿನ್ನುವುದನ್ನು ಅವರವರೇ ಹೊತ್ತು ತರಬೇಕು. ಅದಕ್ಕೆಂದೇ ಅಂಗಡಿಗಳಲ್ಲಿ ಜೇಬುಗಳಿರುವ ಬಿಗಿ ಜಾಕೀಟು ಮಾರುತ್ತಾರೆ. ಮಾಸ್ಟರ್ ಒಂದನ್ನು ಒಳಗು ಹೊರಗು ಮಾಡಿ ನೋಡಿ, "ಇದು ಹೊಲಿಗೆಯಲ್ಲ, ಅಂಟು" ಎಂದು ತೀರ್ಪು ಕೊಟ್ಟು ಎದ್ದು ಬಂದರು. ತಾವೇ ಹೊಲಿದರು. ಟೆಂಟಿನ ಬಟ್ಟೆ, ನೈಲಾನ್ ದಾರ, ಹನ್ನೆರಡು ಜೇಬು. ಭಾರ ಅಭ್ಯಾಸವಾಗಲಿ ಎಂದು ಜೇಬುಗಳಿಗೆ ಚಿಂದಿ ಬಟ್ಟೆ ತುಂಬಿ, ಬಾಯಿ ಹೊಲಿದುಕೊಂಡು ಆರು ತಿಂಗಳು ಓಡಿದರು. ಹೆಂಡತಿಯೇ ಆ ಚಿಂದಿಯನ್ನು ಎಷ್ಟೋ ಸಲ ಬದಲಾಯಿಸಿ ಹೊಲಿದುಕೊಟ್ಟಿದ್ದರು. ಅಂಗಡಿಯ ಹಲಗೆಯ ಮೇಲೆ ಬರೆಸಿದ್ದ 'ಬಟ್ಟೆ ಹರಿದರೂ ಹೊಲಿಗೆ ಬಿಡದು' ಎಂಬ ಸಾಲು ಆ ಜಾಕೀಟಿನ ವಿಷಯದಲ್ಲಿ ಅಕ್ಷರಶಃ ನಿಜವಾಗಿತ್ತು.

ಓಟದ ಹಿಂದಿನ ದಿನ ಮಧ್ಯಾಹ್ನ ಮಾಸ್ಟರ್ ಚಿಂದಿ ತೆಗೆದು ಖರ್ಜೂರ, ಕಡಲೆಕಾಯಿ ಬೀಜ, ಬಿಸ್ಕತ್ತು ತುಂಬಿದರು. ಓಡುವಾಗ ಚೆಲ್ಲದಿರಲಿ ಎಂದು ಪ್ರತಿ ಜೇಬಿನ ಬಾಯಿಗೂ ಸಡಿಲವಾದ ಕಚ್ಚಾ ಹೊಲಿಗೆ ಹಾಕಿ, ಕೆಂಪು ದಾರದ ತುದಿಯನ್ನು ಹೊರಗೆ ಇಳಿಬಿಟ್ಟರು. ದಾರ ಎಳೆದರೆ ಸಾಕು, ಜೇಬು ತೆರೆಯಬೇಕು. ಇಂಥ ಬುದ್ಧಿ ಇನ್ನಾರಿಗೆ ಹೊಳೆದೀತು ಎಂದು ತಮಗೆ ತಾವೇ ಬೆನ್ನು ತಟ್ಟಿಕೊಂಡು, ಜಾಕೀಟನ್ನು ಕೈಗೆ ಸಿಕ್ಕ ಮೊಳೆಗೆ ತಗುಲಿಹಾಕಿದರು. ಅದು ಹೆಂಡತಿಯ ಕುರ್ಚಿಯ ಪಕ್ಕದ ಮೊಳೆ.

ಟೀ ಹೊತ್ತಿನಲ್ಲಿ ಹೆಂಡತಿ ಕೇಳಿದರು. "ಆ ಜೇಬುಗಳಲ್ಲಿ ಏನಿದೆ?"

ಮಾಸ್ಟರ್ ಮೊಬೈಲಿನಲ್ಲಿ ಯಾರೋ ಬೆಟ್ಟ ಇಳಿಯುವುದನ್ನು ನೋಡುತ್ತಿದ್ದರು. "ಓಟದ ವಿಷಯ. ನಿನಗೆ ಅರ್ಥ ಆಗಲ್ಲ ಬಿಡು."

ಬೆಳಗಿನ ಜಾವ ಜಾಕೀಟು ತೊಟ್ಟಾಗ ಅದು ಮೈಗೆ ಎಷ್ಟು ಚಪ್ಪಟೆಯಾಗಿ, ಎಷ್ಟು ಗರಿಗರಿಯಾಗಿ ಕೂತಿದೆ ಎಂದು ಮಾಸ್ಟರ್‌ಗೆ ಹೆಮ್ಮೆಯಾಯಿತು. ಓಟ ಶುರುವಾಗುವಲ್ಲಿ ಎಲ್ಲರೂ ಎದೆಯ ನಂಬರನ್ನು ಪಿನ್ನಿನಲ್ಲಿ ಚುಚ್ಚಿಕೊಳ್ಳುತ್ತಿದ್ದರು. ಮಾಸ್ಟರ್ ಹಿಂದಿನ ದಿನವೇ ತಮ್ಮ ನಂಬರನ್ನು ಅಂಗಿಗೆ ನಾಲ್ಕೂ ಕಡೆ ಹೊಲಿದುಕೊಂಡಿದ್ದರು. ಪಿನ್ನು ಕೊಡಲು ಬಂದವರಿಗೆ, "ದರ್ಜಿಯ ಎದೆಗೆ ಪಿನ್ನು ಚುಚ್ಚೋದಾ?" ಎಂದು ಕೇಳಿ ಮುಂದೆ ನಡೆದರು.

ಹದಿನಾಲ್ಕು ಕಿಲೋಮೀಟರ್ ಚೆನ್ನಾಗಿಯೇ ಸಾಗಿತು. ಎರಡನೆಯ ಬೆಟ್ಟದ ತುದಿಯಲ್ಲಿ ಹೊಟ್ಟೆ ಚುರುಗುಟ್ಟಿತು. ಮಾಸ್ಟರ್ ರಾಜಗಾಂಭೀರ್ಯದಿಂದ ಮೊದಲ ಜೇಬಿನ ಕೆಂಪು ದಾರಕ್ಕೆ ಕೈ ಹಾಕಿದರು. ದಾರವಿರಲಿಲ್ಲ. ಎರಡನೆಯದಕ್ಕೂ ಇರಲಿಲ್ಲ. ಜಾಕೀಟು ಬಿಚ್ಚಿ ಬಂಡೆಯ ಮೇಲೆ ಹರಡಿದರು. ಹನ್ನೆರಡೂ ಜೇಬಿನ ಬಾಯಿಗೆ ಒತ್ತೊತ್ತಾಗಿ ಎರಡೆರಡು ಸಾಲು ಮಷೀನ್ ಹೊಲಿಗೆ ಬಿದ್ದಿತ್ತು. ಮೇಲೆ ಇಸ್ತ್ರಿಯನ್ನೂ ಎಳೆಯಲಾಗಿತ್ತು.

ಆ ಮೊಳೆ ಈಗ ನೆನಪಾಯಿತು. ಅಂಗಡಿ ತೆರೆದ ದಿನದಿಂದ ಆ ಮೊಳೆಗೆ ತಗುಲಿಹಾಕಿದ್ದೆಲ್ಲ ಹೆಂಡತಿ ಮುಗಿಸಿಕೊಡಬೇಕಾದ ಬಟ್ಟೆ. ನೇತಾಡುವ ದಾರ ಕತ್ತರಿಸಬೇಕು, ಕಚ್ಚಾ ಹೊಲಿಗೆ ಇದ್ದಲ್ಲಿ ಪಕ್ಕಾ ಹಾಕಬೇಕು, ಇಸ್ತ್ರಿ ಮಾಡಬೇಕು. "ನಮ್ಮ ಅಂಗಡಿಯಿಂದ ಹೋಗೋ ಬಟ್ಟೇಲಿ ಒಂದು ಎಳೆ ದಾರ ನೇತಾಡಬಾರದು" ಎಂದು ಆಕೆಗೆ ಪಾಠ ಹೇಳಿದ್ದು ಮಾಸ್ಟರೇ. ಒಳಗಿರುವುದು ಎಂದಿನ ಚಿಂದಿಯೇ ಎಂದುಕೊಂಡು ಆಕೆ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ಮಾಸ್ಟರ್ ಮೊದಲು ಉಗುರು ಹಾಕಿದರು. ಆಮೇಲೆ ಹಲ್ಲು. ದಾರ ಕಚ್ಚುವುದರಲ್ಲಿ ಮೂವತ್ತು ವರ್ಷದ ಅನುಭವವಿದ್ದ ಮುಂದಿನ ಹಲ್ಲು ಸವೆದು, ಹೋದ ವರ್ಷ ಕ್ಯಾಪಿನ ಟೊಪ್ಪಿಗೆ ಹಾಕಿಸಿಕೊಂಡಿತ್ತು. ಹೊಲಿಗೆ ಬಿಡಲಿಲ್ಲ, ಹಲ್ಲಿನ ಟೊಪ್ಪಿಗೆ ಬಿಟ್ಟಿತು. ಅದು ಬಂಡೆಯ ಮೇಲೆ ಎರಡು ಸಲ ಕುಣಿದು ಕಣಿವೆಗೆ ಇಳಿಯಿತು.

ಅಷ್ಟರಲ್ಲಿ ಹಿಂದಿನಿಂದ ಓಡಿಬಂದ ತೆಳ್ಳಗಿನ ವ್ಯಕ್ತಿಯೊಬ್ಬರು ನಿಂತು, "ಬಾಯಿ ತೆಗೀರಿ" ಎಂದರು. ಅವರು ಊರಿನ ಹಲ್ಲಿನ ಡಾಕ್ಟರ್. ಕತ್ತು ಓರೆ ಮಾಡಿ ಒಳಗೆ ನೋಡಿದರು. "ಟೊಪ್ಪಿಗೆ ಹೋಗಿದೆ. ಮಂಗಳವಾರ ಬನ್ನಿ."

"ಹಲ್ಲು ಆಮೇಲೆ ನೋಡೋಣ ಡಾಕ್ಟ್ರೇ, ಈ ಜೇಬು ಬಿಚ್ಚೋಕೆ ಏನಾದ್ರೂ ಇದೆಯಾ?"

ಡಾಕ್ಟರ್ ತಮ್ಮ ನಂಬರಿನ ಒಂದು ಪಿನ್ನು ತೆಗೆದುಕೊಟ್ಟರು. ತಿನ್ನಲು ನಾಲ್ಕು ಬಾದಾಮಿಯನ್ನೂ ಚಾಚಿದರು. ಇಲ್ಲಿ ಮಾಸ್ಟರ್ ಸುಮ್ಮನೆ ಕೈ ಚಾಚಿದ್ದರೆ ಕಥೆ ಬೇರೆಯಾಗುತ್ತಿತ್ತು. "ಬೇಡ ಡಾಕ್ಟ್ರೇ, ನನ್ನ ಹತ್ರ ಹನ್ನೆರಡು ಜೇಬು ತಿಂಡಿ ಇದೆ" ಎಂದುಬಿಟ್ಟರು. ಡಾಕ್ಟರ್ ಬಾದಾಮಿಯನ್ನು ಬಾಯಿಗೆ ಹಾಕಿಕೊಂಡು ಓಡಿಹೋದರು. ಪಿನ್ನು ಐದು ಹೊಲಿಗೆ ಬಿಚ್ಚಿ ಬಾಗಿಹೋಯಿತು. ಬೆರಳೂ ತೂರದ ಆ ಸಂದಿಗೆ ಬಾಯಿಟ್ಟು ಹೀರಿದಾಗ ಸಿಕ್ಕಿದ್ದು ಒಂದು ಚಿಟಿಕೆ ಬಿಸ್ಕತ್ತಿನ ಪುಡಿ.

ಇಪ್ಪತ್ತೆಂಟನೆಯ ಕಿಲೋಮೀಟರಿನ ಹೊತ್ತಿಗೆ ಮಾಸ್ಟರ್ ಓಡುತ್ತಿರಲಿಲ್ಲ. ಮುಂದೆ ಯಾರೂ ಕಾಣುತ್ತಿರಲಿಲ್ಲ. ಹಿಂದೆ ಒಬ್ಬರಿದ್ದರು. ದಾರಿ ತೋರಿಸಲು ನೆಟ್ಟ ಬಾವುಟಗಳನ್ನು ಕೊನೆಯ ಓಟಗಾರ ದಾಟಿದ ಮೇಲೆ ಕಿತ್ತುಕೊಂಡು ಬರುವ ಕೆಲಸ ಅವರದು.

"ನಿಮ್ಮ ಹತ್ರ ಚಾಕು ಇದೆಯಾ?" ಮಾಸ್ಟರ್ ಕೇಳಿದರು.

"ಬಾವುಟ ಕೀಳೋಕೆ ಚಾಕು ಯಾಕೆ ಸಾರ್."

"ತಿನ್ನೋಕೆ ಏನಾದ್ರೂ?"

"ಮೇಲಿನ ಠಾಣೇಲಿ ಊಟ ಇದೆ. ನೀವು ಸ್ವಲ್ಪ ಬೇಗ ನಡೆದ್ರೆ ನಾನೂ ಹೋಗಿ ಉಣ್ತೀನಿ."

ಹೀಗೆ ಇನ್ನೊಬ್ಬರ ಹಸಿವನ್ನೂ ಬೆನ್ನಿಗೆ ಕಟ್ಟಿಕೊಂಡು ಮಾಸ್ಟರ್ ಐದನೆಯ ಬೆಟ್ಟ ಹತ್ತತೊಡಗಿದರು. ಮೊದಮೊದಲು ಹೆಂಡತಿಯ ಮೇಲೆ ಕೋಪವಿತ್ತು. ಬದಲಿ ಬಟ್ಟೆಯ ಚೀಲ ತಂದು ಠಾಣೆಯಲ್ಲಿ ಕಾಯಲು ಆಕೆ ಒಪ್ಪಿದ್ದರು. ಎದುರಿಗೆ ಸಿಗಲಿ, ಹೇಳುತ್ತೇನೆ ಎಂದು ಮಾಸ್ಟರ್ ಹಲ್ಲು ಕಡಿಯಲು ಹೋದರು. ಮುಂದಿನ ಹಲ್ಲು ಜುಂ ಎಂದಿತು. ಒಂದು ತಿರುವಿನಲ್ಲಿ ಪೊದೆಗೆ ಯಾರದೋ ಹಳೆಯ ಅಂಗಿ ಸಿಕ್ಕಿಕೊಂಡಿತ್ತು. ತೋಳು ಎರಡೂ ಬೇರೆ ಬೇರೆ ಉದ್ದ. ಮಾಸ್ಟರ್‌ಗೆ ನಗು ಬಂದು, "ನೋಡಿದ್ಯಾ ಇದನ್ನ" ಎನ್ನುತ್ತ ಬಲಗಡೆಗೆ ತಿರುಗಿದರು.

ಬಲಗಡೆ ಯಾರೂ ಇರಲಿಲ್ಲ. ಆರು ತಿಂಗಳಿಂದ ಇರಲಿಲ್ಲ. ಅವರು ಈಗ ನೋಡಿದರು.

ಕೋಪ ಅಲ್ಲೇ ಇಳಿಯಿತು. ಏನಿದೆ ಎಂದು ಆಕೆ ಕೇಳಿದ್ದರಲ್ಲ. ಖರ್ಜೂರ ಎಂಬ ಒಂದು ಮಾತು ಬಾಯಿಂದ ಬಂದಿದ್ದರೆ ಸಾಕಿತ್ತು. ಜೇಬಿನ ಬಾಯಿ ಆಕೆ ಹೊಲಿದದ್ದು ನಿನ್ನೆ. ಆಕೆಯ ಬಾಯಿಗೆ ತಾವು ಹೊಲಿಗೆ ಹಾಕಿ ಆರು ತಿಂಗಳಾಗಿತ್ತು. ಹತ್ತೊಂಬತ್ತು ವರ್ಷ ಪಕ್ಕದಲ್ಲಿ ನಡೆದವಳಿಗೆ ವೇಗ ಕೆಡುತ್ತೆ ಎಂದೆನಲ್ಲ, ಈಗ ನನ್ನ ವೇಗ ಬಾವುಟ ಕೀಳುವವನಿಗೂ ಸಾಲುತ್ತಿಲ್ಲ ಎಂದು ಮಾಸ್ಟರ್ ನೊಂದುಕೊಂಡರು. ಪದಕ ಯಾರಿಗೆ ಬೇಕು. ಆ ಪಾರ್ಕಿನ ಗೋಡೆ, ಆ ಮೂರು ಸುತ್ತು ಮತ್ತೆ ಸಿಕ್ಕರೆ ಸಾಕು ಎಂದುಕೊಂಡು, ಕ್ಷಮೆ ಕೇಳುವ ಮಾತನ್ನು ಒಂದೊಂದೇ ಜೋಡಿಸಿಕೊಳ್ಳುತ್ತ ಕಾಲೆಳೆದರು.

ಮಧ್ಯಾಹ್ನ ಎರಡು ಗಂಟೆಯ ಒಳಗೆ ಠಾಣೆ ಮುಟ್ಟದವರು ಓಟದಿಂದ ಹೊರಗೆ. ಮಾಸ್ಟರ್ ಮುಟ್ಟಿದ್ದು ಎರಡೂ ಹನ್ನೆರಡಕ್ಕೆ. ಹೆಂಡತಿ ಕಲ್ಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಕ್ಯಾಷಿಯರಮ್ಮ, ಇನ್ನೂ ಮೂವರು ಹೆಂಗಸರು. ಹೆಂಡತಿಯ ಕಾಲಲ್ಲಿ ನೇರಳೆ ಪಟ್ಟಿಯ ಬೂಟು, ಹಿಮ್ಮಡಿ ಸವೆದು ಹೋಗಿತ್ತು.

"ರಸ್ತೆ ಆರು ಕಿಲೋಮೀಟರ್ ಕೆಳಗೇ ಮುಗಿಯುತ್ತಂತೆ, ದಾರೀಲಿ ಗೊತ್ತಾಯ್ತು. ಹೇಗೆ ಬಂದೆ?"

"ನಡ್ಕೊಂಡು. ಹನ್ನೊಂದಕ್ಕೇ ಬಂದ್ವಿ." ಆಕೆ ಗಂಡನ ಮುಖ ನೋಡಿದರು. "ಯಾಕೆ ಹೀಗಾಗಿದ್ದೀರಿ? ತಿನ್ನೋಕೆ ಏನೂ ಇಟ್ಕೊಂಡಿರಲಿಲ್ವಾ?"

ಮಾಸ್ಟರ್ ಜಾಕೀಟು ತಟ್ಟಿ ತೋರಿಸಿದರು. "ಇದರಲ್ಲಿದೆ."

"ಅದು ಚಿಂದಿ ಅಲ್ವಾ?"

"ಖರ್ಜೂರ."

ಹೆಂಡತಿ ಬಾಯಿಗೆ ಸೆರಗು ಹಿಡಿದರು.

"ನಾನು ಕೇಳಿದ್ದೆ" ಎಂದರು ಆಕೆ.

"ಹೌದು, ನೀನು ಕೇಳಿದ್ದೆ."

"ಅರ್ಥ ಆಗಲ್ಲ ಅಂದ್ರಿ."

"ಅಂದೆ. ತಪ್ಪಾಯ್ತು."

ಸೊಂಟದಲ್ಲಿ ಸದಾ ನೇತಾಡುವ ಪುಟ್ಟ ಕತ್ತರಿ ತೆಗೆದು ಆಕೆ ಒಂದು ಜೇಬು ಬಿಚ್ಚಿದರು. ಇಸ್ತ್ರಿಗೆ ಅಪ್ಪಚ್ಚಿಯಾದ ಖರ್ಜೂರ ಹೊರಬಂತು. ಮಾಸ್ಟರ್ ಅದನ್ನು ತಿನ್ನುತ್ತಿರುವಾಗಲೇ ಠಾಣೆಯ ಅಧಿಕಾರಿ ಬಂದು, ಸಮಯ ಮುಗಿದಿದೆ, ನಂಬರ್ ಕೊಡಿ ಎಂದು ಎದೆಗೆ ಕೈ ಹಾಕಿದರು. ನಂಬರಿನ ಜೊತೆ ಅಂಗಿಯೂ, ಅಂಗಿಯ ಜೊತೆ ಮಾಸ್ಟರೂ ಬಂದರು. ಅದನ್ನೂ ಹೆಂಡತಿಯೇ ಬಿಚ್ಚಿಕೊಟ್ಟರು, ಬಟ್ಟೆಗೆ ಒಂದು ತೂತೂ ಬೀಳದ ಹಾಗೆ.

ಎಲ್ಲರೂ ಇಳಿಯಲು ಎದ್ದಾಗ ಮಾಸ್ಟರ್ ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಭಾಷಣವೆಲ್ಲ ಮರೆತುಹೋಗಿತ್ತು. ಉಳಿದದ್ದು ಇಷ್ಟೇ. "ನಾಳೆಯಿಂದ ಸಂಜೆ ಮತ್ತೆ ನಾವಿಬ್ರೂ ಪಾರ್ಕಿನ ಹತ್ರ ಹೋಗೋಣ. ಮೂರೇ ಸುತ್ತು. ನೀನು ಎಲ್ಲಿ ಬೇಕಾದ್ರೂ ನಿಲ್ಲು."

ಹೆಂಡತಿ ಬೂಟಿನ ದಾರ ಬಿಗಿದುಕೊಂಡರು. "ಆರು ತಿಂಗಳಿಂದ ನಾವು ಐದು ಜನ ಹೋಗ್ತಾ ಇದ್ದೀವಿ. ಈಗ ಎಂಟು ಸುತ್ತು. ಯಾರೂ ಎಲ್ಲೂ ನಿಲ್ಲಲ್ಲ." ಅವರು ಗಂಡನ ಕಾಲಿನ ಕಡೆ ನೋಡಿದರು. ಕೋಪವಿರಲಿಲ್ಲ, ಅಳತೆ ತೆಗೆಯುವ ನೋಟ. "ನೀವು ಜೊತೆಗಿದ್ರೆ ನಮ್ಮ ವೇಗ ಕೆಡುತ್ತೆ."

ಮಾಸ್ಟರ್ "ಸರಿ" ಎಂದರು. ಅಷ್ಟನ್ನು ಹೇಳುವಾಗ ಆ ಮಾತು ಎಲ್ಲಿ ಚುಚ್ಚುತ್ತದೆ ಎಂದು ಅವರಿಗೆ ಗೊತ್ತಾಯಿತು.

ಹೆಂಗಸರು ಸರಸರನೆ ಇಳಿದರು. ಮಾಸ್ಟರ್ ಹೆಂಡತಿಯ ಚೀಲ ಹೊತ್ತು, ಕುಂಟುತ್ತ, ಬಾವುಟದವರ ಜೊತೆ ಹಿಂದೆ ಹಿಂದೆ ಬಂದರು. ಮೂರನೆಯ ತಿರುವಿನಲ್ಲಿ ಹೆಂಡತಿ ಒಬ್ಬರೇ ನಿಂತಿದ್ದರು, ಪೊದೆಗೆ ಸಿಕ್ಕಿಕೊಂಡ ಯಾವುದೋ ಬಟ್ಟೆಯನ್ನು ನೋಡುತ್ತಿರುವವರ ಹಾಗೆ. ಮಾಸ್ಟರ್ ಹತ್ತಿರ ಹೋಗಿ ನೋಡಿದರು. ಪೊದೆಯಲ್ಲಿ ಬಟ್ಟೆ ಏನೂ ಇರಲಿಲ್ಲ.

"ಒಂದು ವಾರ ಬನ್ನಿ" ಎಂದರು ಆಕೆ, ಅವರ ಬಲಗಡೆಗೆ ಬರುತ್ತ. "ಟ್ರಯಲ್ ನೋಡೋಣ. ಹೊಂದಿದ್ರೆ ಆಮೇಲೆ ಪಕ್ಕಾ ಹೊಲಿಗೆ."