ಮರಿಯಪ್ಪನ ನರಗಳೂ ನನ್ನ ಉಪನ್ಯಾಸವೂ

ಅರ್ಧ ಓದಿದ್ದನ್ನು ಪೂರ್ತಿ ತಿಳಿದವನಂತೆ ಹೇಳುವುದು ನನ್ನ ಹಳೆಯ ಚಾಳಿ. ಐವತ್ತರ ದಶಕದಲ್ಲಿ ನಾನು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರು. ಅಂದರೆ ಕಪ್ಪೆ ಕೊಯ್ದು ತೋರಿಸುವುದು ನನ್ನ ಪಾಲು, ಮಾತಾಡುವುದು ಪ್ರೊಫೆಸರರ ಪಾಲು. ದಿನವಿಡೀ ಬಾಯಲ್ಲೇ ಉಳಿದ ಮಾತು ಸಂಜೆ ರಾಜಾಜಿನಗರದ ಮನೆಗೆ ಬಂದು ಕಾಫಿ ಕುಡಿಯುವ ಹೊತ್ತಿಗೆ ಉಕ್ಕತೊಡಗುತ್ತಿತ್ತು. ನನ್ನಾಕೆ ಮೊದಲ ವರ್ಷ ಕೇಳಿದಳು. ಆಮೇಲೆ ಅದೇ ಹೊತ್ತಿಗೆ ಸರಿಯಾಗಿ ಅಕ್ಕಿ ಆರಿಸಲು ಪಕ್ಕದ ಮನೆಗೆ ಹೋಗತೊಡಗಿದಳು.

ಹಾಗಿರುವಾಗ ಮರಿಯಪ್ಪ ಬಿದ್ದ. ಕುರುಬರಹಳ್ಳಿಯವನು, ನಮ್ಮ ಮನೆಗೆ ಗಾರೆ ಮಾಡಿದವನು. ಆಗ ಬಡಾವಣೆಯಲ್ಲಿ ಎತ್ತ ನೋಡಿದರೂ ಹೊಸ ಮನೆಗಳು ಏಳುತ್ತಿದ್ದವು. ಅಂಥದೊಂದರ ಗೋಡೆಗೆ ಕಟ್ಟಿದ್ದ ಸಾರುವೆಯ ಬೊಂಬು ಜಾರಿ, ಬೆನ್ನು ಅಡಿಯಾಗಿ ಇಟ್ಟಿಗೆ ರಾಶಿಯ ಮೇಲೆ ಬಿದ್ದ. ಕಾಲೆರಡೂ ಅಲುಗಲಿಲ್ಲ. "ಬೆನ್ನುಹುರಿ ತುಂಡಾಗಿಲ್ಲ, ಜಜ್ಜಿದೆ. ಕಾಲು ಬಂದರೂ ಬರಬಹುದು, ಕಾಯಬೇಕು" ಎಂದು ಡಾಕ್ಟರು ಕೆಲವು ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರು.

ನಾನು ನೋಡಲು ಹೋದೆ. ಹಿಂದಿನ ದಿನವಷ್ಟೇ ಕಾಲೇಜಿನ ಲೈಬ್ರರಿಯಲ್ಲಿ ವಿದೇಶಿ ಪತ್ರಿಕೆಯೊಂದನ್ನು ತಿರುವಿದ್ದೆ. ಇಲಿಯ ಮೈಯಲ್ಲಿ ಬೆಳೆದ ಯಾವುದೋ ಗಡ್ಡೆಯಿಂದ ತೆಗೆದ ರಸವನ್ನು, ಮೊಟ್ಟೆಯೊಳಗಿನ ಕೋಳಿಮರಿಯ ನರಕ್ಕೆ ಸೋಕಿಸಿದರೆ ಒಂದೇ ದಿನದಲ್ಲಿ ಸುತ್ತಲೂ ಎಳೆಗಳು ಚಿಗುರುತ್ತವಂತೆ! ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಮುಕ್ಕಾಲು ಗಂಟೆ ವಿವರಿಸಿದೆ. ಮರಿಯಪ್ಪನ ಕಣ್ಣು ಹೊಳೆಯಿತು. ಅವನ ಹೆಂಡತಿ ಪುಟ್ಟಮ್ಮ ಒಲೆ ಬಿಟ್ಟು ಬಂದು ನಿಂತಳು.

ಮಾರನೆಯ ಸಂಜೆ ಹೋದರೆ ಮರಿಯಪ್ಪನ ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ ನಾಲ್ಕು.

"ನೀವೇ ಹೇಳಿದ್ರಲ್ಲ ಮೇಷ್ಟ್ರೇ, ಮೊಟ್ಟೇಲಿ ನರ ಚಿಗುರ್ತದೆ ಅಂತ. ಆ ರಸ ನಮ್ಮೂರಿಗೆ ಯಾವಾಗ ಬತ್ತದೆ? ಅಲ್ಲೀವರ್ಗೂ ಇದನ್ನೇ ಕೊಡ್ತೀನಿ" ಎಂದಳು ಪುಟ್ಟಮ್ಮ.

ನಗು ಬರಬೇಕಿತ್ತು, ಬರಲಿಲ್ಲ. ಮರುದಿನ ಬೆಳಗ್ಗೆ ಲೈಬ್ರರಿಗೆ ಓಡಿ ಲೇಖನವನ್ನು ಕೊನೆಯವರೆಗೆ ಓದಿದೆ. ಗಾಜಿನ ತಟ್ಟೆಯಲ್ಲಿ ನಡೆದ ಪ್ರಯೋಗ ಅದು. ಮನುಷ್ಯರ ಬೆನ್ನುಹುರಿಯ ಮಾತೇ ಇರಲಿಲ್ಲ. ಸಂಜೆ ಹೋಗಿ ತಲೆ ತಗ್ಗಿಸಿ ಒಪ್ಪಿಕೊಂಡೆ: "ಅದು ಔಷಧಿ ಅಲ್ಲ ಕಣಯ್ಯ ಮರಿಯಪ್ಪ. ಆಗೋದಕ್ಕೆ ಇನ್ನೂ ಎಷ್ಟು ವರ್ಷ ಬೇಕೋ. ದುಡುಕಿ ಹೇಳ್ಬಿಟ್ಟೆ."

ಅವನೇ ನನಗೆ ಸಮಾಧಾನ ಹೇಳಿದ: "ಇರ್ಲಿ ಬಿಡಿ ಮೇಷ್ಟ್ರೇ. ಬಿದ್ದ ಮೇಲೆ ಒಂದು ರಾತ್ರಿನಾದ್ರೂ ಚೆನ್ನಾಗಿ ನಿದ್ದೆ ಬಂತಲ್ಲ."

ಆ ಮಾತಿಗೆ ಸೋತು ದಿನಾ ಸಂಜೆ ಹೋಗತೊಡಗಿದೆ. ಡಾಕ್ಟರು ಹೇಳಿಕೊಟ್ಟಂತೆ ಅವನ ಕಾಲು ಮಡಿಸಿ ಚಾಚಿಸುತ್ತಿದ್ದೆ. ಬಾಯಿ ಸುಮ್ಮನಿರಬೇಕಲ್ಲ? ಹಲ್ಲಿಯ ಬಾಲ ಮತ್ತೆ ಬೆಳೆಯುವುದು, ಕತ್ತರಿಸಿದ ಎರೆಹುಳದ ಮೈ ಕೂಡಿಕೊಳ್ಳುವುದು, ಎಲ್ಲವೂ ಹೊರಬಂದವು. ಮೇಷ್ಟ್ರ ಮುಂದೆ ಮಲಗಿರುವುದು ಮರ್ಯಾದೆಯಲ್ಲವೆಂದು ಮರಿಯಪ್ಪ ಗೋಡೆಗೆ ಒರಗಿ ಕೂರಲು ಕಲಿತ. ಎರಡನೆಯ ತಿಂಗಳು ಹೆಬ್ಬೆರಳು ಅಲುಗಿತು. ಪುಟ್ಟಮ್ಮ ಕೋಳಿಗೂಡಿಗೆ ಕೈ ಮುಗಿದಳು.

ಮಳೆಗಾಲ ಕಳೆದ ಮೇಲೊಂದು ಸಂಜೆ ಹೋದೆ. ಮಂಚ ಖಾಲಿ.

"ಎಲ್ಲಮ್ಮಾ ಮರಿಯಪ್ಪ?"

ಪುಟ್ಟಮ್ಮ ಸೆರಗು ಬಾಯಿಗಿಟ್ಟುಕೊಂಡಳು. "ಈಗ ಇಲ್ಲೇ ಇದ್ರು ಮೇಷ್ಟ್ರೇ. ನೀವು ನಮ್ ಬೀದಿಗೆ ತಿರುಗಿದ್ದು ಕಾಣ್ತು... ಎದ್ದು, ಗೋಡೆ ಹಿಡ್ಕೊಂಡು ಹಿತ್ಲಿಗೆ ಹೋದ್ರು."

ಬಗ್ಗಿ ನೋಡಿದೆ. ಸೀಬೆಮರ ಹಿಡಿದು, ತನ್ನೆರಡು ಕಾಲ ಮೇಲೆ, ಮರಿಯಪ್ಪ ನಿಂತಿದ್ದ! ನನ್ನ ಕಣ್ಣು ತುಂಬಿ ಬಂತು. ನನ್ನನ್ನು ಕಂಡವನೇ ಅವನು ಕಷ್ಟಪಟ್ಟು ಇನ್ನೊಂದು ಹೆಜ್ಜೆ ಮರದ ಮರೆಗೆ ಇಟ್ಟ. ಮತ್ತೂ ನಾಲ್ಕು ಹೆಜ್ಜೆ ನಡೆಯಲಿ ಎಂದು ನಾನು ಅಲ್ಲೇ ನಿಂತು, ಪಾಠ ಶುರುಮಾಡುವವನಂತೆ, ಗಟ್ಟಿಯಾಗಿ ಗಂಟಲು ಸರಿಮಾಡಿಕೊಂಡೆ.